ಉಪ್ಪು ನೋಡುವ ಮೂಗು

ನನ್ನ ಮೂಗಿನ ಬುಡದಲ್ಲಿ, ಎರಡೂ ಪಕ್ಕಕ್ಕೆ ಓರೆಯಾಗಿ ಇಳಿಯುವ ಗೆರೆಗಳಿವೆ. ನೀವು ಚಿಕ್ಕವರಿದ್ದಾಗ ತೊಡೆಯ ಮೇಲೆ ಕೂತು ಅವುಗಳ ಮೇಲೆ ಬೆರಳಾಡಿಸುತ್ತ, "ಅಜ್ಜಿ, ನಿಂಗೆ ಬೆಕ್ಕಿನ ಮೀಸೆ ಯಾಕೆ ಮೂಗಿನ ಮೇಲೆ ಬಂದೈತೆ?" ಎಂದು ಕೇಳುತ್ತಿದ್ದಿರಿ. ನಾನು ನಕ್ಕು ಸುಮ್ಮನಾಗುತ್ತಿದ್ದೆ. ನಕ್ಕರೆ ಅವು ಇನ್ನೂ ಆಳವಾಗುತ್ತಿದ್ದವು, ನಿಮಗೆ ಇನ್ನೂ ಖುಷಿ. ಆ ಗೆರೆಗಳ ದೆಸೆಯಿಂದ ನಿಮ್ಮ ದೊಡ್ಡಕ್ಕನ ಮದುವೆ ಮುರಿದು ಬೀಳುವುದರಲ್ಲಿತ್ತು ಎಂಬುದು ನಿಮಗೆ ಅರ್ಧ ಗೊತ್ತು. ನೀವಿಬ್ಬರೂ ಆಗ ಅಂಗಳದಲ್ಲಿ ಆಡಿಕೊಂಡಿದ್ದಿರಿ. ದೊಡ್ಡವರು ನಗುವುದನ್ನು ಕಂಡು ನೀವೂ ನಕ್ಕಿರಿ. ಉಳಿದರ್ಧ ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಮಾತು ಮೊದಲಿನಿಂದಲೂ ಕಡಿಮೆ. ನಿಮ್ಮ ತಾತ ಇದ್ದಾಗ ನೆಂಟರ ಮುಂದೆ ಹೇಳುತ್ತಿದ್ದರು: "ಆ ಕಾಡೊಳಗಿನ ಎಡಕುಮೇರಿ ಸ್ಟೇಷನ್ನಲ್ಲಿ ರೈಲಿಂದ ಇಳಿಯೋರು ಎಷ್ಟೋ, ನಮ್ಮನೆಯವಳ ಬಾಯಿಂದ ಇಳಿಯೋ ಮಾತೂ ಅಷ್ಟೇ ಕಣ್ರೀ." ನೆಂಟರು ನಗುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ನಗುತ್ತಿದ್ದೆ.

ಗೆರೆಗಳು ಬಂದದ್ದು ಅಡುಗೆ ಮನೆಯಿಂದ. ಎಡೆ ಇಡುವ ಮುಂಚೆ ಅಡುಗೆಯನ್ನು ನಾಲಿಗೆಗೆ ತಾಕಿಸಬಾರದು ಎಂಬುದು ನಮ್ಮ ಮನೆಯ ಕಟ್ಟು. ಬೇರೆ ಮನೆಗಳಲ್ಲಿ ಇದು ಹಬ್ಬಕ್ಕೆ, ಹಿರಿಯರ ಪೂಜೆಗೆ ಮಾತ್ರ. ನಮ್ಮತ್ತೆಗೆ ದಿನವೂ ಹಬ್ಬವೇ. ಒಂದು ತುತ್ತು ದೇವರ ಮುಂದೆ ಇಟ್ಟ ಮೇಲೆಯೇ ಉಳಿದವರಿಗೆ. "ರುಚಿ ನೋಡಿದ್ರೆ ಎಂಜಲು. ಮೂಸಿ ನೋಡು. ಮೂಗಿಗೆ ಎಂಜಲಿಲ್ಲ" ಎಂದು ಮದುವೆಯಾಗಿ ಬಂದ ಹೊಸದರಲ್ಲೇ ನನ್ನ ಕುತ್ತಿಗೆ ಹಿಡಿದು ಸಾರಿನ ಮೇಲೆ ಬಗ್ಗಿಸಿದ್ದರು. ಅವರ ಮೂಗಿನ ಮೇಲೂ ಇವೇ ಗೆರೆಗಳಿದ್ದವು. ಮೊದಮೊದಲು ನನಗೆ ಹಬೆ ಬಿಟ್ಟು ಬೇರೇನೂ ತಿಳಿಯಲಿಲ್ಲ. ಬರುಬರುತ್ತ ಉಪ್ಪು ಕಡಿಮೆಯಾದ ಸಾರಿನ ಮೇಲೆ ಬಗ್ಗಿದರೆ ಮೂಗು ತಾನಾಗಿಯೇ ಸುಕ್ಕುಗಟ್ಟತೊಡಗಿತು. ಸರಿಯಾಗಿದ್ದರೆ ಸುಮ್ಮನಿರುತ್ತಿತ್ತು.

ಇದು ಹೇಗೋ ಊರಿಗೆಲ್ಲ ಗೊತ್ತಾಯಿತು. ಯಾರ ಮನೆಯಲ್ಲಿ ಎಡೆ ಇದ್ದರೂ, "ಒಂಚೂರು ಬಂದು ಉಪ್ಪು ನೋಡೋಗ್ರವ್ವ" ಎಂದು ಕರೆ. ಮದುವೆ ಮನೆಗಳಲ್ಲಿ ಗಂಡಸರೇ ಅಡುಗೆ ಮಾಡುವವರು. ಅವರ ಹತ್ತಿರ ಮಾತಾಡಲು ನನಗೆ ನಾಚಿಕೆ. ಅದಕ್ಕೂ ಒಂದು ದಾರಿ ಆಯಿತು. ನಾನು ಬಾಗಿಲಲ್ಲಿ ನಿಲ್ಲುವುದು, ಅವರು ಮುಚ್ಚಳ ತೆಗೆದು ಹಬೆಯನ್ನು ನನ್ನ ಕಡೆ ಬೀಸುವುದು, ನನ್ನ ಮೂಗು ನೋಡುವುದು. ಮೂಗು ಸುಕ್ಕಾದರೆ ಇನ್ನೊಂದು ಹಿಡಿ ಉಪ್ಪು. ಸುಮ್ಮನಿದ್ದರೆ ಪಂಕ್ತಿ ಕೂರಿಸಬಹುದು. ಒಂದು ಮಾತೂ ಆಡದೆ ನಾನು ಕುಂದೂರು ಹೋಬಳಿಯ ಎಷ್ಟೋ ಮದುವೆಗಳ ಊಟ ಸರಿಮಾಡಿದ್ದೇನೆ.

ಇನ್ನು ದೊಡ್ಡಕ್ಕನ ವಿಷಯ. ಅವಳು ಹಾಸನದಲ್ಲಿ ಓದುವಾಗಲೇ ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಜಾತಿ, ಜಾತಕ ಎಲ್ಲ ಹೊಂದಿದ್ದರಿಂದ ದೊಡ್ಡವರು ತಾವೇ ಹುಡುಕಿದವರಂತೆ ಮಾತುಕತೆ ನಡೆಸಿದರು. ಮಧ್ಯಸ್ಥಿಕೆ ನನ್ನ ತಮ್ಮನದು, ಬಾಳ್ಳುಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವವನು. ನನಗೆ ಬರಬೇಕಿದ್ದ ಮಾತನ್ನೂ ದೇವರು ಅವನ ಬಾಯಿಗೇ ತುಂಬಿದ್ದಾನೆ. ಹುಡುಗನ ಮನೆ ನೋಡುವ ಶಾಸ್ತ್ರಕ್ಕೆ ನಾವೆಲ್ಲ ಸಕಲೇಶಪುರದಾಚೆಯ ಅವರ ಊರಿಗೆ ಹೋದೆವು.

ಒಳ್ಳೆಯ ಜನ. ಹುಡುಗನ ತಾಯಿ ಬೆಳಗಿನಿಂದ ಒಲೆಯ ಮುಂದೆ ನಿಂತು ತಾವೇ ಅಡುಗೆ ಮಾಡಿದ್ದರು. ಬಿಸಿ ಕಡುಬು ಹಾಕಿದರು. ಅದರ ಮೇಲೆ ಅವರೆಕಾಳಿನ ಸಾರು ಬಡಿಸಲು ನನ್ನ ಮುಂದೆ ಬಗ್ಗಿದರು. ಹಬೆ ಬಂತು. ನನ್ನ ಮೂಗು ತನ್ನ ಕೆಲಸ ತಾನು ಮಾಡಿತು. ನಾನು ತಲೆಯೆತ್ತಿದಾಗ ಅವರ ಮುಖ ಬಾಡಿಹೋಗಿತ್ತು, ಸೌಟು ಕೈಯಲ್ಲೇ ಇತ್ತು. ನಾನು ಎರಡು ಸಲ ಕೇಳಿ ಹಾಕಿಸಿಕೊಂಡು ಉಂಡೆ. ಏನೂ ಪ್ರಯೋಜನವಾಗಲಿಲ್ಲ. ಎರಡನೆಯ ಸಲ ಬಡಿಸುವಾಗ ಮೂಗು ಮತ್ತೆ ಸುಕ್ಕಾಯಿತು.

ಅದಾದ ಎರಡು ದಿನಕ್ಕೆ ತಮ್ಮನ ಫೋನು.

"ಏನಕ್ಕಾ ನೀನು! ಬಾಯಿ ಬಿಡು ಅಂದ್ರೆ ಬಿಡಕಿಲ್ಲ, ಮೂಗು ಸುಮ್ನಿರ್ಲಿ ಅಂದ್ರೆ ಇರಕಿಲ್ಲ. ಹುಡುಗನ ತಾಯಿ ಏನಂದ್ರು ಗೊತ್ತೈತಾ? 'ಹುಡುಗಿ ಚಿನ್ನದಂಥವ್ಳು. ಆದ್ರೆ ಅಜ್ಜಿಗೆ ನಮ್ಮನೆ ಊಟ ಕಂಡ್ರೆ ಹೇಸಿಗೆ ಆಯ್ತು. ಹಿರಿಯರಿಗೆ ಒಪ್ಪಿಗೆ ಇಲ್ದಿರೋ ಮನೆಯಿಂದ ಹೆಣ್ಣು ತಂದು ಏನ್ ಮಾಡಣ' ಅಂದ್ಬುಟ್ರು!"

"ಉಪ್ಪು ಕಮ್ಮಿ ಇತ್ತು ಕಣೋ" ಎಂದೆ.

"ಅಯ್ಯೋ ನಿನ್ನ ಉಪ್ಪಿಗಷ್ಟು! ಹಂಗಂತ ಹೇಳಕಾಯ್ತದಾ? ನಾನೊಂದು ಮಾತು ಹೇಳಿ ಸಂಭಾಳಿಸಿವ್ನಿ. 'ಅದು ಹೇಸಿಗೆ ಅಲ್ಲ ಕಣ್ರೀ, ಕಾಯಿಲೆ. ಮೂಗಿನ ನರ ಎಳೀತದೆ ಪಾಪ. ಹಾಸನದಲ್ಲಿ ಔಷಧಿ ನಡೀತೈತೆ' ಅಂದೆ. ಅವ್ರು ಕರಗ್ಬುಟ್ರು. 'ಹಂಗಾದ್ರೆ ನಿಶ್ಚಿತಾರ್ಥದ ಹೊತ್ತಿಗೆ ವಾಸಿಯಾಗ್ತದಲ್ಲ' ಅಂದವ್ರೆ. ಈಗ ನೀನು ವಾಸಿ ಮಾಡ್ಕೊ."

ಇಲ್ಲದ ಕಾಯಿಲೆಯನ್ನು ವಾಸಿಮಾಡಿಕೊಳ್ಳುವುದು ಹೇಗೆ? ನಿಮ್ಮ ದೊಡ್ಡಮ್ಮ, ಅಂದರೆ ದೊಡ್ಡಕ್ಕನ ತಾಯಿ, ನನಗೆ ಏನೂ ಅನ್ನಲಿಲ್ಲ. ಸೊಸೆ ಏನೂ ಅನ್ನದಿದ್ದರೆ ಅದು ಎಷ್ಟು ಅಂದ ಹಾಗೆ ಎಂದು ಅತ್ತೆಗೆ ಗೊತ್ತಾಗುತ್ತದೆ. ದೊಡ್ಡಕ್ಕ ಹಿತ್ತಲಲ್ಲಿ ಮುಖ ತೊಳೆದುಕೊಂಡು ಬಂದು, "ನೀನು ಹೆಂಗಿದ್ದೀಯೋ ಹಂಗೇ ಇರಜ್ಜಿ. ಯಾರಿಗೋಸ್ಕರ ನೀನ್ಯಾಕೆ ಬದಲಾಗ್ಬೇಕು?" ಎಂದಳು. ಮಾತು ಗಟ್ಟಿಯಾಗಿತ್ತು. ಕಣ್ಣು ಊದಿತ್ತು. ನಾನು ಕಣ್ಣು ಹೇಳಿದ್ದನ್ನು ಕೇಳಿದೆ.

ಹಾಸನದ ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಲ್ಲಿ ಕಾಯುತ್ತ ಕೂತವರೆಲ್ಲ ನಿಮ್ಮ ದೊಡ್ಡಕ್ಕನ ವಯಸ್ಸಿನವರು. ಎಲ್ಲರೂ ಅವಳನ್ನೇ ರೋಗಿ ಎಂದುಕೊಂಡು, ಇವಳಿಗೇನು ಕಡಿಮೆ ಎಂದು ನೋಡುತ್ತಿದ್ದರು. ಒಳಗೆ ಹೋದಾಗ ಡಾಕ್ಟರೂ ಅವಳ ಕಡೆಗೇ ಕುರ್ಚಿ ತಿರುಗಿಸಿದರು. "ನಂಗಲ್ಲ ಮೇಡಂ, ಅಜ್ಜಿಗೆ" ಎಂದಾಗ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು.

"ಮೂಗು ಸುಕ್ಕು ಮಾಡಿ ಅಜ್ಜಿ, ಯಾವ ಸ್ನಾಯು ಎಷ್ಟು ಎಳೆಯುತ್ತೆ ನೋಡೋಣ" ಎಂದರು.

ಮಾಡು ಅಂದರೆ ಆಗಲೇ ಇಲ್ಲ. ಇಬ್ಬರು ಮುಖವನ್ನೇ ನೋಡುತ್ತ ಕೂತರೆ ನನಗೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ, ಮೂಗು ಕಲ್ಲಾಗುತ್ತದೆ. ಡಾಕ್ಟರು ತಾವೇ ಮಾಡಿ ತೋರಿಸಿದರು. ಚೆನ್ನಾಗಿ ಮಾಡಿದರು. ನನಗೆ ಆಗಲಿಲ್ಲ. ಕೊನೆಗೆ ದೊಡ್ಡಕ್ಕ, "ಮೇಡಂ, ನಿಮ್ಮ ಊಟದ ಡಬ್ಬಿ ಇದ್ರೆ ಒಂಚೂರು ಕೊಡ್ತೀರಾ?" ಎಂದಳು.

ಡಬ್ಬಿಯ ಮುಚ್ಚಳ ತೆಗೆದು ತಿಳಿಸಾರನ್ನು ನನ್ನ ಮುಂದೆ ಹಿಡಿದಳು. ಮೂಗು ಕೂಡಲೇ ಸುಕ್ಕಾಯಿತು. ಡಾಕ್ಟರು ಪೆನ್ನು ಹಿಡಿದು, "ಹಾಗೇ ಇರಿ, ಹಾಗೇ ಇರಿ" ಎನ್ನುತ್ತ ಎರಡೂ ಪಕ್ಕ ಚುಕ್ಕೆ ಇಟ್ಟರು. ಯಾಕೆ ಹೀಗಾಗುತ್ತದೆ ಎಂದು ದೊಡ್ಡಕ್ಕ ವಿವರಿಸಿದಾಗ ಅವರು ಜೋರಾಗಿ ನಕ್ಕರು.

"ಅಜ್ಜಿ, ಉಪ್ಪಿಗೆ ವಾಸನೆಯೇ ಇಲ್ಲವಲ್ಲ!"

ಇದನ್ನು ನಮ್ಮತ್ತೆಗೆ ಯಾರೂ ಹೇಳಿರಲಿಲ್ಲ. ಡಾಕ್ಟರು ಒಂದು ಚಮಚ ಸಾರು ಬಾಯಿಗೆ ಹಾಕಿಕೊಂಡು, "ನನಗೇನೋ ಸರಿಯಾಗೇ ಇದೆ ಅನ್ನಿಸುತ್ತೆ" ಎಂದರು. ಡಾಕ್ಟರ ಹತ್ತಿರ ವಾದ ಮಾಡಬಾರದು.

ಆಮೇಲೆ ಕೈಗೊಂದು ಕನ್ನಡಿ ಕೊಟ್ಟು ನಿಧಾನವಾಗಿ ತಿಳಿಸಿದರು. ಮೂಗಿನ ಎರಡೂ ಪಕ್ಕ ತೆಳ್ಳಗಿನ ಸ್ನಾಯು ಇದೆಯಂತೆ. ನಕ್ಕಾಗ, ಬಿಸಿಲಿಗೆ ಕಣ್ಣು ಕಿರಿದು ಮಾಡಿದಾಗ, ಮೂಸಿದಾಗ ಅದು ಮುದುಡುತ್ತದೆ, ಮೇಲಿನ ಚರ್ಮ ಮಡಿಕೆ ಬೀಳುತ್ತದೆ. ಚಿಕ್ಕ ವಯಸ್ಸಿನಲ್ಲಿ ಮಡಿಕೆ ಬಿಚ್ಚಿಕೊಳ್ಳುತ್ತದೆ, ವಯಸ್ಸಾದ ಮೇಲೆ ಅಲ್ಲೇ ಉಳಿಯುತ್ತದೆ. "ಬಿಸಿಲಿಗೆ ಹಚ್ಚೋ ಕ್ರೀಮ್ ಇದೆ, ಇನ್ನೂ ಹೆಚ್ಚಾಗದ ಹಾಗೆ ತಡೆಯುತ್ತೆ. ಮಲಗುವಾಗ ಹಚ್ಚೋದೂ ಇದೆ, ನಿಧಾನ, ಸ್ವಲ್ಪವೇ ಗುಣ. ಲೇಸರ್‌ನಿಂದ ಮೇಲಿನ ಚರ್ಮ ನುಣುಪಾಗುತ್ತೆ, ಆದರೆ ಸ್ನಾಯು ಎಳೆಯೋದು ನಿಲ್ಲಲ್ಲ." ಬುಡದಲ್ಲಿ ರೋಗವಿಟ್ಟುಕೊಂಡು ಎಲೆಗೆ ಔಷಧಿ ಹೊಡೆದ ಹಾಗೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಗೆರೆಯೊಳಗೆ ಏನನ್ನೋ ತುಂಬಿ ಉಬ್ಬಿಸುವುದೂ ಒಂದು ಇದೆಯಂತೆ. ಮೂಗಿನ ಹತ್ತಿರ ರಕ್ತನಾಳಗಳು ಸೂಕ್ಷ್ಮ, ಅಲ್ಲಿ ತಾವು ಅದನ್ನು ಮಾಡುವುದಿಲ್ಲ ಎಂದರು. ಉಳಿದದ್ದು ಸ್ನಾಯುವಿಗೆ ಕೊಡುವ ಇಂಜೆಕ್ಷನ್.

"ಬೊಟಾಕ್ಸ್ ಅಜ್ಜಿ" ಎಂದು ದೊಡ್ಡಕ್ಕ ಪಿಸುಗುಟ್ಟಿದಳು.

"ಅದು ಸ್ನಾಯುವಿಗೆ ಸುಮ್ಮನಿರು ಅಂತ ಹೇಳುತ್ತೆ" ಎಂದರು ಡಾಕ್ಟರು. "ಇನ್ನೊಂದು ದಾರೀನೂ ಇದೆ ಅಜ್ಜಿ, ಏನೂ ಮಾಡದೇ ಇರೋದು. ಇದು ಕಾಯಿಲೆ ಅಲ್ಲ. ಇದರಿಂದ ನಿಮಗೆ ಏನಾದರೂ ತೊಂದರೆ ಇದೆಯಾ?"

ನನಗೇನೂ ತೊಂದರೆ ಇರಲಿಲ್ಲ. ಪಕ್ಕದಲ್ಲಿ ಕೂತವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು. "ವಾಸನೆ ಹೋಗ್ತದಾ?" ಎಂದು ಕೇಳಿದೆ. ಹೋಗುವುದಿಲ್ಲ, ಮೂಸುವ ನರ ಬೇರೆ, ಇದು ಬೇರೆ ಎಂದರು. ಚುಚ್ಚಿದ ಕಡೆ ಒಂದೆರಡು ದಿನ ಕೆಂಪಾಗಬಹುದು, ಅಪರೂಪಕ್ಕೆ ನಗು ಸ್ವಲ್ಪ ಓರೆಯಾಗಬಹುದು ಎಂದರು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ, ನರದ ರೋಗ ಏನಾದರೂ ಇದೆಯಾ ಎಂದು ವಿಚಾರಿಸಿದರು. ತಮ್ಮ ಹೇಳಿದ ನರದ ರೋಗ ಬಿಟ್ಟು ಬೇರೆ ಇರಲಿಲ್ಲ.

"ಚುಚ್ಚಿ" ಎಂದೆ.

ಇರುವೆ ಕಚ್ಚಿದಂತೆ ಆಯಿತು, ಅಷ್ಟೇ. ಸಂಜೆಯವರೆಗೆ ಮುಖ ತಿಕ್ಕಬೇಡಿ, ಮಲಗಬೇಡಿ, ಬಗ್ಗಬೇಡಿ ಎಂದಿದ್ದರು. ಬಸ್ಸಿನಲ್ಲಿ ಆಲೂರು ದಾಟುವವರೆಗೂ ನಾನು ಕಂಬದಂತೆ ಕೂತಿದ್ದೆ. ಪಕ್ಕದ ಸೀಟಿನ ಹೆಂಗಸು, "ಬೆನ್ನು ನೋವಾ ಅಜ್ಜಿ?" ಎಂದು ಕೇಳಿದಳು. ಹೂಂ ಎಂದುಬಿಟ್ಟೆ. ಮೂಗಿನ ಕಥೆ ಹೇಳುವುದಕ್ಕಿಂತ ಬೆನ್ನುನೋವು ವಾಸಿ.

ವಾರ ಕಳೆಯುವುದರೊಳಗೆ ನನ್ನ ಮೂಗು ಇಸ್ತ್ರಿ ಮಾಡಿದ ಬಟ್ಟೆಯಾಯಿತು. ನೀವಿಬ್ಬರೂ ಪರೀಕ್ಷೆ ಮಾಡಲೆಂದು ಹುಳಿ ಬಂದ ಹಿಟ್ಟು, ಶಾಲೆಯ ಕಾಲುಚೀಲ ಎಲ್ಲ ತಂದು ಹಿಡಿದದ್ದು ನೆನಪಿದೆಯೇ? ವಾಸನೆ ಎಲ್ಲ ಬರುತ್ತಿತ್ತು, ಕಾಲುಚೀಲದ್ದಂತೂ ಧಾರಾಳವಾಗಿ. ಮೂಗು ಮಾತ್ರ ಅಲುಗಲಿಲ್ಲ. ತಮ್ಮ ಬಂದು ಮುಖದ ಸುತ್ತ ತಿರುಗಿ ನೋಡಿ, "ಹತ್ತು ವರ್ಷ ಇಳಿದ್ಬುಟ್ಟೆ ಕಣಕ್ಕ" ಎಂದ. ಅವನಿಗೆ ಎಲ್ಲರಿಗಿಂತ ಹೆಚ್ಚು ಸಮಾಧಾನ. ಅವನು ಹೇಳಿದ ಸುಳ್ಳಿಗೆ ನಾನು ಹೋಗಿ ಔಷಧಿ ತಂದಿದ್ದೆನಲ್ಲ.

ನಿಶ್ಚಿತಾರ್ಥ ಸಂಕ್ರಾಂತಿ ಕಳೆದು ಒಂದು ಗುರುವಾರ, ನಮ್ಮ ಮನೆಯಲ್ಲೇ. ಕಾಫಿ ಕೊಯ್ಲಿನ ಕಾಲ. ಕಣದಲ್ಲಿ ಹರಡಿದ್ದ ಹಣ್ಣನ್ನೆಲ್ಲ ಒಂದು ಮೂಲೆಗೆ ಗುಡ್ಡೆ ಹಾಕಿ ಟಾರ್ಪಾಲು ಹೊದಿಸಿ, ಅಲ್ಲೇ ಊಟಕ್ಕೆ ಏರ್ಪಾಡು ಮಾಡಿದ್ದೆವು. ಮೊದಲು ಊಟ, ರಾಹುಕಾಲ ಕಳೆದ ಮೇಲೆ ತಾಂಬೂಲ ಬದಲಾಯಿಸುವುದು ಎಂದು ಮಾತಾಗಿತ್ತು. ತಾಂಬೂಲ ಬದಲಾಗುವವರೆಗೆ ಯಾವುದೂ ಗಟ್ಟಿಯಲ್ಲ ಎಂಬುದು ನಿಮಗೆ ಗೊತ್ತಿರಲಿ.

ಅಡುಗೆಯವರು ನಮ್ಮ ಮನೆಗೆ ಹಳಬರು, ಆಲೂರಿನವರು. ಅವರ ಪದ್ಧತಿ ಎಂದರೆ ಮೊದಲು ಉಪ್ಪು ಕಡಿಮೆಯೇ ಹಾಕುವುದು, ನನ್ನ ಮೂಗು ನೋಡಿ ಮೇಲೆ ಹಾಕುವುದು. ಹೆಚ್ಚಾದದ್ದನ್ನು ತೆಗೆಯಲು ಬರುವುದಿಲ್ಲವಲ್ಲ. ಎಡೆ ಆಗಿಲ್ಲದ ಕಾರಣ ಅವರೂ ರುಚಿ ನೋಡುವಂತಿಲ್ಲ. "ಅಮ್ಮಾರೇ" ಎಂದು ಕರೆದರು. ನಾನು ಬಾಗಿಲಲ್ಲಿ ನಿಂತೆ. ಹುಳಿಯ ಮುಚ್ಚಳ ತೆಗೆದು ಬೀಸಿದರು. ಉಪ್ಪು ಸಾಲದು. ನಾನು ಮೂಗು ಸುಕ್ಕು ಮಾಡಿದೆ. ಅವರು ತಲೆಯಾಡಿಸಿ ಮುಚ್ಚಿದರು. ಪಲ್ಯ, ಸುಕ್ಕು ಮಾಡಿದೆ. ತಲೆಯಾಡಿಸಿದರು. ತಿಳಿಸಾರು, ಚೆನ್ನಾಗಿಯೇ ಸುಕ್ಕು ಮಾಡಿದೆ. ಅದಕ್ಕೂ ತಲೆಯಾಡಿಸಿದರು. ನಾನು ಒಳಗೆ ಹೋಗಿ ಸೀರೆ ಸರಿಮಾಡಿಕೊಂಡೆ.

ಸುಕ್ಕು ಮಾಡಿದೆ ಎಂದುಕೊಂಡದ್ದು ನಾನು. ಮೂಗಿಗೆ ಅದು ತಲುಪಿರಲೇ ಇಲ್ಲ. ಅಷ್ಟು ವರ್ಷದ ಅಭ್ಯಾಸ, ಇಂಜೆಕ್ಷನ್ ಇದೆ ಎಂಬುದು ಆ ಗಡಿಬಿಡಿಯಲ್ಲಿ ನನಗೆ ನೆನಪೇ ಆಗಲಿಲ್ಲ. ಅವರು ನೋಡಿದ್ದು ನುಣ್ಣಗಿನ ಮೂಗು. ನುಣ್ಣಗಿದ್ದರೆ ಪಂಕ್ತಿ ಕೂರಿಸಬಹುದು.

ಎಡೆ ಇಟ್ಟಾಯಿತು, ಬೀಗರ ಪಂಕ್ತಿ ಕೂತಿತು. ಕಿಟಕಿಯಿಂದ ನೋಡುತ್ತಿದ್ದೆ. ಮೊದಲ ತುತ್ತು ಹೋಯಿತು. ಒಬ್ಬೊಬ್ಬರದೇ ಬೆರಳು ಎಲೆಯ ತುದಿಗೆ ಬಡಿಸಿದ್ದ ಉಪ್ಪಿನ ಕಡೆ ಹೊರಟಿತು. ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ಒಂದು ಕಡೆಯಿಂದ "ಉಪ್ಪು" ಎಂದು ಮೆಲ್ಲಗೆ, ಇನ್ನೊಂದು ಕಡೆಯಿಂದ "ಇಲ್ಲೂ ಒಂಚೂರು ಉಪ್ಪು." ಹುಡುಗನ ತಾಯಿ ಮಾತ್ರ ಉಪ್ಪು ಮುಟ್ಟಲಿಲ್ಲ. ಕೈಯನ್ನು ಎಲೆಯಿಂದ ಹಿಂದಕ್ಕೆ ತೆಗೆದುಕೊಂಡು ಪಕ್ಕದ ನಾದಿನಿಗೆ ಹೇಳಿದರು. ಕಿಟಕಿಯ ಕೆಳಗೇ ಕೂತಿದ್ದರಿಂದ ನನಗೆ ಒಂದೊಂದು ಅಕ್ಷರವೂ ಕೇಳಿಸಿತು.

"ನೋಡ್ದೇನೆ? ನಮ್ಮನೆ ಸಾರಿಗೆ ಉಪ್ಪಿರಲಿಲ್ಲ ಅಂತ ಆಡ್ಕೊಳಕೆ ಹಿಂಗ್ ಮಾಡವ್ರೆ. ಆವತ್ತು ಆ ಅಜ್ಜಿ ಮೂಗು ಮುರಿದಿದ್ದೂ ಇದಕ್ಕೇಯ. ಕಾಯಿಲೆಯಂತೆ ಕಾಯಿಲೆ! ತಾಂಬೂಲ ಗೀಂಬೂಲ ಏನೂ ಬ್ಯಾಡ, ಎದ್ದೇಳು."

ಒಳಗೆ ದೊಡ್ಡಕ್ಕ ರೇಷ್ಮೆ ಸೀರೆಯುಟ್ಟು ಕೂತಿದ್ದಳು. ಅವಳಿಗೂ ಕೇಳಿಸಿತು. ನನ್ನ ಮುಖ ನೋಡಿದಳು. ಆ ಮುಖದಲ್ಲಿ ಹೇಳುವುದಕ್ಕೆ ಈಗ ಏನೂ ಇರಲಿಲ್ಲ, ಅದನ್ನೂ ಚುಚ್ಚಿ ಸುಮ್ಮನಾಗಿಸಿದ್ದರು. ಬಾಯಿಯೊಂದೇ ಉಳಿದಿತ್ತು.

ಉಪ್ಪಿನ ಬಟ್ಟಲು ಹಿಡಿದು ಪಂಕ್ತಿಯ ನಡುವೆ ಹೋದೆ. ಗಂಡಸರು, ಹೆಂಗಸರು, ನಮ್ಮೂರವರು, ಅವರೂರವರು, ಎಲ್ಲ ತಲೆಯೆತ್ತಿದರು.

"ಬೀಗಿತ್ತೀ, ನಂಗೆ ಕಾಯಿಲೆ ಏನೂ ಇಲ್ಲ" ಎಂದೆ.

"ಅಕ್ಕಾ!" ಎಂದು ತಮ್ಮ ಬಡಿಸುತ್ತಿದ್ದ ಅನ್ನದ ಬುಟ್ಟಿ ಬಿಟ್ಟು ಓಡಿಬಂದ.

"ನೀನು ಸುಮ್ನಿರೋ. ಬೀಗಿತ್ತೀ, ಉಪ್ಪು ಕಮ್ಮಿಯಿದ್ರೆ ನನ್ನ ಮೂಗು ಹಂಗಾಗ್ತದೆ. ಎಡೆ ಅಡುಗೆ ಮಾಡಿ ಮಾಡಿ ಬಂದಿದ್ದು. ಆವತ್ತು ನಿಮ್ಮ ಸಾರಿಗೆ ಉಪ್ಪು ಕಮ್ಮಿ ಇತ್ತು. ಸಾರು ಚೆನ್ನಾಗೇ ಇತ್ತು, ಅದಕ್ಕೇ ಎರಡು ಸಲ ಹಾಕಿಸ್ಕಂಡೆ. ನಿಮ್ಮ ಮನಸ್ಸು ನೊಂದಿತು ಅಂತ ಹಾಸನಕ್ಕೋಗಿ ಮೂಗಿಗೆ ಇಂಜೆಕ್ಷನ್ ಚುಚ್ಚಿಸ್ಕಂಡು ಬಂದೆ. ಈಗ ಅದು ಅಲ್ಲಾಡಕಿಲ್ಲ. ನಮ್ಮ ಅಡುಗೆಯವ್ರು ಅದನ್ನ ನೋಡೇ ಉಪ್ಪು ಹಾಕೋರು. ಅಲ್ಲಾಡ್ಲಿಲ್ಲ, ಹಾಕ್ಲಿಲ್ಲ."

ಅಷ್ಟು ಮಾತನ್ನು ನಾನು ಒಟ್ಟಿಗೆ ಆಡಿದ್ದು ಅದೇ ಮೊದಲು. ಅಡುಗೆ ಮನೆಯ ಬಾಗಿಲಿಂದ, "ಅಯ್ಯೋ ಅಮ್ಮಾರೇ, ಮೊದ್ಲೇ ಹೇಳ್ಬಾರ್ದಾ!" ಎಂದು ಅಡುಗೆಯವರ ದನಿ ಬಂತು.

ಆಗ ಹುಡುಗನ ತಂದೆ ಎಲೆಯ ಮುಂದೆ ಕೂತಲ್ಲೇ ಎರಡೂ ಕೈ ಮುಗಿದರು. "ಹಂಗೇಳಿ ತಾಯಿ! ಹಂಗೇಳಿ! ಬೀಪಿ ಬೀಪಿ ಅಂತ ನಮ್ಮನೇಲಿ ಉಪ್ಪಿನ ಡಬ್ಬಿನೇ ಬಚ್ಚಿಟ್ಬುಟ್ಟವ್ಳೆ. ಸಪ್ಪೆ ಅಂದ್ರೆ ನಿಮ್ಮ ನಾಲಿಗೆ ಕೆಟ್ಟೈತೆ ಅಂತಾಳೆ. ಇವತ್ತಿಗಾದ್ರೂ ಒಬ್ರು ಹೇಳೋರು ಸಿಕ್ಕಿದ್ರಲ್ಲ!"

"ನೀವು ಬಾಯಿ ಮುಚ್ಕಂಡು ಉಣ್ಣಿ" ಎಂದರು ಹುಡುಗನ ತಾಯಿ. ಆದರೆ ಅವರ ತುಟಿ ಆಗಲೇ ಅಲುಗುತ್ತಿತ್ತು. ನನ್ನ ಮುಖವನ್ನೇ ನೋಡಿದರು, ಒಂದು ಪಕ್ಕದಿಂದ, ಇನ್ನೊಂದು ಪಕ್ಕದಿಂದ. "ನಮ್ಮನೆ ಸಾರಿಗೋಸ್ಕರ ಈ ವಯಸ್ಸಲ್ಲಿ ಮೂಗು ಚುಚ್ಚಿಸ್ಕಂಡ್ರಾ?" ಎಂದವರೇ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಅವರು ನಕ್ಕ ಮೇಲೆ ಇಡೀ ಪಂಕ್ತಿ ನಕ್ಕಿತು. ನಾನೂ ನಕ್ಕೆ, ನನ್ನ ನಗು ಹೇಗೆ ಕಂಡಿತೋ ಗೊತ್ತಿಲ್ಲ. ಅವರು ಎಲೆಯನ್ನು ನನ್ನ ಕಡೆ ಸ್ವಲ್ಪ ಸರಿಸಿ, "ಹಾಕಿ ಉಪ್ಪು" ಎಂದರು.

ರಾಹುಕಾಲ ಕಳೆಯಿತು. ತಾಂಬೂಲ ಬದಲಾಯಿತು. ಪುರೋಹಿತರು ಪಂಚಾಂಗ ಬಿಚ್ಚಿ, ಮುಂದಿನ ತಿಂಗಳೇ ಒಳ್ಳೆಯ ಮುಹೂರ್ತವಿದೆ ಎಂದರು. ದೊಡ್ಡಕ್ಕನ ಮುಖ ಅರಳಿತು. ಹುಡುಗನ ತಾಯಿ ನನ್ನ ಕಡೆ ತಿರುಗಿದರು.

"ಅಮ್ಮ, ಈ ಇಂಜೆಕ್ಷನ್ ಇಳಿಯಕೆ ಎಷ್ಟು ದಿನ ಬೇಕಂತೆ?"

"ಮೂರು ನಾಕು ತಿಂಗ್ಳು ಅಂದವ್ರೆ."

"ಹಂಗಾದ್ರೆ ಮುಂದಿನ ತಿಂಗಳು ಬ್ಯಾಡ ಸ್ವಾಮಿ, ವೈಶಾಖದಲ್ಲಿ ನೋಡಿ. ಸಾವಿರ ಜನದ ಊಟ, ಇವ್ರ ಮೂಗಿಲ್ದೆ ಹೆಂಗೆ?"

ಪುರೋಹಿತರು ಕನ್ನಡಕದ ಮೇಲಿಂದ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಏನೂ ಅರ್ಥವಾಗದೆ ವೈಶಾಖದ ಪುಟ ತಿರುಗಿಸಿದರು.

ಆ ತಿಂಗಳುಗಳಲ್ಲಿ ನಿಮ್ಮ ದೊಡ್ಡಕ್ಕ ನನ್ನ ಮೂಗನ್ನು ನೋಡಿದಷ್ಟು ತನ್ನ ಮೊಬೈಲನ್ನೂ ನೋಡಲಿಲ್ಲ. ಬೆಳಿಗ್ಗೆ ಎದ್ದವಳೇ ನನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, "ಒಂಚೂರು ಪ್ರಯತ್ನ ಮಾಡಜ್ಜಿ" ಎನ್ನುವಳು. ಗದ್ದ ಹಿಡಿದು ನೋಡಿ, ನಿಟ್ಟುಸಿರು ಬಿಟ್ಟು ಹೋಗುವಳು. ಹುಡುಗನೂ ಫೋನಿನಲ್ಲಿ ಮೊದಲು ಕೇಳುತ್ತಿದ್ದದ್ದು ಅದನ್ನೇ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಸಾರಿನ ಮೇಲೆ ಬಗ್ಗಿದ್ದಾಗ ಅವಳು ಬಾಗಿಲಲ್ಲೇ ಕಿರುಚಿದಳು: "ಅಮ್ಮಾ, ಬಾ ಇಲ್ಲಿ! ಎಡಗಡೆ ಒಂದು ಗೆರೆ ಬಂದೈತೆ! ಅವ್ರ ಮನೆಗೆ ಫೋನ್ ಮಾಡು!"

ನಿಮ್ಮ ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಇಬ್ಬರೂ ನನ್ನ ಮೂಗಿಗೆ ಮುಖ ತಂದು 'ಹೌದು, ಹೌದು' ಎಂದು ಕುಣಿಯುತ್ತಿದ್ದಾಗ, ನಾನು ಅವರ ಮಧ್ಯದಿಂದ ಕೈ ಚಾಚಿ ಸಾರಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿದೆ.